ಮಲಗಿದವರೂ ಕೋಣೆಯಲ್ಲೇ ಇದ್ದಾರೆ

ಬೇಸಿಗೆ ರಜೆ ಶುರುವಾಯಿತೆಂದರೆ ಕಾರವಾರದಿಂದ ಅಂಕೋಲೆವರೆಗಿನ ಲಾಡ್ಜು, ಹೋಂಸ್ಟೇ, ರೆಸಾರ್ಟುಗಳಿಂದ ನನಗೆ ನಡುರಾತ್ರಿಯಲ್ಲೂ ಫೋನು ಬರುತ್ತದೆ. ನಾನು ಎಸಿ ರಿಪೇರಿ ಮಾಡುವವನು. ಹೋಗಿ ನೋಡಿದರೆ ಎಷ್ಟೋ ಸಲ ಎಸಿಗೆ ಏನೂ ಆಗಿರುವುದಿಲ್ಲ. ಗ್ಯಾಸ್ ಸರಿ ಇರುತ್ತದೆ, ಕಂಪ್ರೆಸರ್ ಗಟ್ಟಿ ಇರುತ್ತದೆ, ಫಿಲ್ಟರ್ ತೊಳೆದಿರುತ್ತದೆ. ಆದರೂ ರಾತ್ರಿ ಒಂದೂವರೆಗೋ ಎರಡಕ್ಕೋ ಅದು ತನ್ನಷ್ಟಕ್ಕೆ ನಿಂತಿರುತ್ತದೆ. ಕಿಟಕಿ ಬಾಗಿಲು ಬಿಗಿದ ಕೋಣೆ ಅರ್ಧ ಗಂಟೆಯೊಳಗೆ ಬೆಂದು, ಮಗು ಎದ್ದು ಅತ್ತು, ಅಪ್ಪನಾದವನು ಬನಿಯನ್ನಿನಲ್ಲೇ ಕೌಂಟರಿಗೆ ಬಂದು ಜಗಳ ತೆಗೆದಿರುತ್ತಾನೆ. ಕಾರಣ ಗೋಡೆಯ ಮೇಲಿನ ಸಣ್ಣ ಬಿಳಿ ಗುಬುಟು. ಕೋಣೆಯಲ್ಲಿ ಯಾರಾದರೂ ಅಲುಗಾಡುತ್ತಿದ್ದರೆ ಎಸಿ ನಡೆಯಬೇಕು, ಅಲುಗಾಟ ನಿಂತು ಹದಿನೈದು ಇಪ್ಪತ್ತು ನಿಮಿಷವಾದರೆ ಬಂದ್ ಆಗಬೇಕು ಎಂದು ಅದಕ್ಕೆ ಹೇಳಿಟ್ಟಿರುತ್ತಾರೆ. ಮನುಷ್ಯ ನಿದ್ದೆ ಹೋದ. ಯಂತ್ರ ಅವನನ್ನು ಲೆಕ್ಕದಿಂದ ತೆಗೆಯಿತು.

ಮೊದಲು ದೊಡ್ಡ ಹೋಟೆಲುಗಳಲ್ಲಷ್ಟೇ ಇದ್ದ ಈ ಚಲನೆ ನೋಡಿ ನಡೆಯುವ ಥರ್ಮೋಸ್ಟ್ಯಾಟು, ಈಗ ನಮ್ಮ ಮಾಜಾಳಿ, ದೇವಬಾಗ, ಬೆಲೇಕೇರಿ ಕಡೆಯ ನಾಲ್ಕು ಕೋಣೆಯ ವಸತಿಗೂ ಬರತೊಡಗಿದೆ. ಮಾರುವವರು ಬಂದು ಕರೆಂಟ್ ಬಿಲ್ ಇಳಿಯುತ್ತದೆ ಎನ್ನುತ್ತಾರೆ, ಯಜಮಾನರು ಹೂಂ ಎನ್ನುತ್ತಾರೆ. ಅದರ ಬಗ್ಗೆ ನಾನು ಪತ್ರಿಕೆಗೆ ಬರೆಯುತ್ತಿರುವುದು ಕರೆಂಟ್ ಉಳಿಸುವುದು ಬೇಡ ಎನ್ನಲು ಅಲ್ಲ. ದುಡ್ಡು ಕೊಟ್ಟು ರಾತ್ರಿ ಮಲಗಲು ಬಂದವರ ಕೋಣೆಯಲ್ಲಿ, ಮಲಗಿದವರನ್ನು ಗುರುತಿಸಲಾರದ ಯಂತ್ರದ ಕೈಗೆ ಗಾಳಿಯ ಸ್ವಿಚ್ಚು ಕೊಡಬಾರದು. ಇಷ್ಟೇ ನನ್ನ ತಕರಾರು.

ಆ ಗುಬುಟನ್ನು ಬಿಚ್ಚಿ ನೋಡಿದರೆ ತೊಂದರೆಯ ಬೇರು ಅಲ್ಲೇ ಕಾಣುತ್ತದೆ. ಮೇಲೆ ಹಾಲುಬಣ್ಣದ ತೆಳು ಪ್ಲಾಸ್ಟಿಕ್ ಮುಚ್ಚಳ. ಬೆಳಕಿಗೆ ಹಿಡಿದರೆ ಅದರಲ್ಲಿ ಸಣ್ಣ ಸಣ್ಣ ಚೌಕಗಳು, ಒಂದೊಂದು ಚೌಕದಲ್ಲೂ ಒಂದರೊಳಗೊಂದು ಸುತ್ತುಗೆರೆಗಳು. ಪ್ರತಿ ಚೌಕವೂ ಒಂದು ಮಸೂರ. ಕೋಣೆಯನ್ನು ಅವು ಬೀಸಣಿಗೆ ಬಿಚ್ಚಿದ ಹಾಗೆ ಪಟ್ಟಿ ಪಟ್ಟಿಯಾಗಿ ಹಂಚಿಕೊಂಡು ನೋಡುತ್ತವೆ. ಮುಚ್ಚಳದ ಹಿಂದೆ ಅಂಗಿಯ ಗುಂಡಿಯಷ್ಟಗಲದ ಲೋಹದ ಡಬ್ಬಿ, ಅದರೊಳಗೆ ಶಾಖ ತಾಗಿದರೆ ವಿದ್ಯುತ್ ಹುಟ್ಟಿಸುವ ಎರಡು ತುಣುಕು. ಎರಡನ್ನೂ ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿರುತ್ತಾರೆ. ಮನುಷ್ಯ ನಡೆದಾಡಿದರೆ ಅವನ ಮೈಶಾಖ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟುತ್ತದೆ, ಒಂದು ತುಣುಕಿಗೆ ಮೊದಲು ತಾಗಿ ಇನ್ನೊಂದಕ್ಕೆ ಆಮೇಲೆ ತಾಗುತ್ತದೆ, ಆ ವ್ಯತ್ಯಾಸವೇ ಸೂಚನೆ. ಕದಲದೆ ಕೂತರೆ, ಮಲಗಿದರೆ, ವ್ಯತ್ಯಾಸವಿಲ್ಲ. ವ್ಯತ್ಯಾಸವಿಲ್ಲದಿದ್ದರೆ ಆ ಯಂತ್ರದ ಮಟ್ಟಿಗೆ ಮನುಷ್ಯನೂ ಇಲ್ಲ. ಇದು ಕೆಟ್ಟು ಹೋದ ಸೆನ್ಸರಿನ ಮಾತಲ್ಲ, ಚೆನ್ನಾಗಿ ಕೆಲಸ ಮಾಡುವ ಸೆನ್ಸರಿನ ಮಾತು.

ಮಲಗುವ ಕೋಣೆಯಲ್ಲಿ ಇದಕ್ಕೆ ಇನ್ನೂ ನಾಲ್ಕು ಅಡ್ಡಿ. ಹೊದ್ದುಕೊಂಡ ಚಾದರದ ಮೇಲ್ಮೈ ಸ್ವಲ್ಪ ಹೊತ್ತಿನಲ್ಲಿ ಕೋಣೆಯ ತಂಪಿಗೇ ಬಂದು ನಿಲ್ಲುತ್ತದೆ. ಒಳಗಿನವರು ಮಗ್ಗುಲು ಬದಲಿಸಿದರೂ ಹೊರಗೆ ಶಾಖ ಅಷ್ಟಾಗಿ ಕಾಣುವುದಿಲ್ಲ. ಗಾಜು ಮೈಶಾಖವನ್ನು ದಾಟಗೊಡುವುದಿಲ್ಲ. ಹೀಗಾಗಿ ಗಾಜಿನ ಗೋಡೆಯ ಬಾತ್‌ರೂಮಿನಲ್ಲಿರುವವರು ನಮಗೆ ಕಂಡರೂ ಸೆನ್ಸರಿಗೆ ಕಾಣುವುದಿಲ್ಲ. ಅಡ್ಡ ದಾಟುವವರನ್ನು ಅದು ಚೆನ್ನಾಗಿ ಹಿಡಿಯುತ್ತದೆ, ನೇರ ತನ್ನ ಕಡೆಗೇ ಬರುವವರನ್ನು ಅಷ್ಟಾಗಿ ಹಿಡಿಯುವುದಿಲ್ಲ. ನಾಲ್ಕನೆಯದು ನಮ್ಮ ಊರಿನದೇ. ಚರ್ಮದ ಶಾಖ ಸುಮಾರು 33–34 ಡಿಗ್ರಿ. ಸುತ್ತಲಿನ ಗೋಡೆ, ಹಾಸಿಗೆ ಅದಕ್ಕಿಂತ ತಂಪಾಗಿದ್ದಷ್ಟೂ ಮನುಷ್ಯ ಎದ್ದು ಕಾಣುತ್ತಾನೆ. ಮೇ ತಿಂಗಳಲ್ಲಿ ಬಿಸಿಲು ಕುಡಿದ ಸ್ಲ್ಯಾಬಿನ ಕೆಳಗಿನ ಕೋಣೆಯಲ್ಲಿ ಎಸಿ ನಿಂತಮೇಲೆ ಗೋಡೆಯೂ ಮೈಯೂ ಹೆಚ್ಚುಕಡಿಮೆ ಒಂದೇ ಶಾಖಕ್ಕೆ ಬರುತ್ತವೆ. ಮಲಗಿದವರು ಸೆಕೆಗೆ ಹೊರಳಾಡತೊಡಗಿದಾಗಲೇ ಸೆನ್ಸರಿನ ಕಣ್ಣು ಇನ್ನೂ ಮಂಜಾಗುತ್ತದೆ.

ಇನ್ನೊಂದು ತಮಾಷೆಯಲ್ಲದ ಸಂಗತಿ ಇದೆ. ಎಸಿಯ ತಣ್ಣನೆ ಗಾಳಿ ನೇರ ಬಡಿಯುವ ಪರದೆ ತಂಪಾಗಿ ಓಲಾಡಿದರೆ, ಆ ಓಲಾಟ ಕೆಲವು ಸೆನ್ಸರುಗಳಿಗೆ ಮನುಷ್ಯರ ಹಾಗೆ ತೋರುತ್ತದೆ. ಖಾಲಿ ಕೋಣೆಯಲ್ಲಿ ಇಡೀ ಹಗಲು ಎಸಿ ನಡೆಯುತ್ತದೆ. ರಾತ್ರಿ ಅದೇ ಕೋಣೆಯಲ್ಲಿ ಮನುಷ್ಯರಿದ್ದಾಗ ನಿಲ್ಲುತ್ತದೆ. ಇಂಥದ್ದನ್ನು ನಾನು ಕೈಯಾರೆ ಸರಿಮಾಡಿದ್ದೇನೆ. ಪರದೆಯನ್ನು ಕಟ್ಟಿ, ಸೆನ್ಸರನ್ನು ಬೇರೆ ಗೋಡೆಗೆ ಸರಿಸಿದರೆ ಮುಗಿಯಿತು. ಆದರೆ ಹಾಕುವಾಗ ಹಾಸಿಗೆ ಎಲ್ಲಿ, ಪರದೆ ಎಲ್ಲಿ ಎಂದು ನೋಡಿದವರು ಯಾರೂ ಇರಲಿಲ್ಲ. ವಯರು ಎಲ್ಲಿ ಹತ್ತಿರ ಸಿಕ್ಕಿತೋ ಅಲ್ಲಿ ಕೂರಿಸಿ ಹೋಗಿದ್ದರು.

ನನಗೆ ಸಿಟ್ಟು ಬಂದು ಇದನ್ನು ಬರೆಯಲೇಬೇಕು ಅನ್ನಿಸಿದ್ದು ಅಂಕೋಲೆ ಕಡೆಯ ಒಂದು ಬೀಚ್ ವಸತಿಗೃಹದಲ್ಲಿ. ಧಾರವಾಡದ ಕಡೆಯ ಕುಟುಂಬ. ಮಗ, ಸೊಸೆ, ಮೊಮ್ಮಕ್ಕಳು ಗೋಕರ್ಣಕ್ಕೆ ದರ್ಶನಕ್ಕೆ ಹೋಗಿದ್ದರು. ಅಜ್ಜನಿಗೆ ಲಕ್ವಾ ಹೊಡೆದು ಬಲಭಾಗ ಬಿದ್ದುಹೋಗಿತ್ತು. ಅಜ್ಜಿ ಜೊತೆಗೆ ಉಳಿದಿದ್ದರು. ಬೆಳಗಿನಿಂದ ಎಸಿ ನಿಲ್ಲುವುದು, ಹೊತ್ತುವುದು ನಡೆದೇ ಇತ್ತು. ನಾನು ಒಳಗೆ ಹೋದಾಗ ಮೀಟರಿನಲ್ಲಿ 31 ಡಿಗ್ರಿ. ಅಜ್ಜ ಗೋಡೆ ನೋಡುತ್ತ ಮಲಗಿದ್ದರು, ದಿಂಬಿನ ಮೇಲೆ ಕುತ್ತಿಗೆ ಇದ್ದ ಜಾಗ ಒದ್ದೆಯಾಗಿತ್ತು. ಅಜ್ಜಿ ಮಂಚದ ಕಾಲ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು, ಮಡಚಿದ ಪೇಪರು ಹಿಡಿದು ಆ ಬಿಳಿ ಗುಬುಟಿನ ಕಡೆಗೆ ಕೈ ಆಡಿಸುತ್ತಿದ್ದರು. ಹಾಗೆ ಮಾಡುತ್ತಿರಿ ಎಂದು ಕೌಂಟರಿನ ಹುಡುಗ ಹೇಳಿದ್ದನಂತೆ. ತಮಗೆ ಗಾಳಿ ಹಾಕಿಕೊಳ್ಳುವುದು ಬಿಟ್ಟು ಯಂತ್ರಕ್ಕೆ ಗಾಳಿ ಹಾಕುತ್ತ ಕೂತಿದ್ದರು. ನನ್ನನ್ನು ನೋಡಿ, "ನಾವಿಬ್ಬರೂ ಇಲ್ಲೇ ಅದೀವಲ್ಲಪಾ, ಇದಕ್ಯಾಕ ಕಾಣವಲ್ತು?" ಎಂದರು.

ಸ್ಟೂಲು ಹತ್ತಿ ಮುಚ್ಚಳ ತೆಗೆದೆ. ಒಳಗೆ ಕಡ್ಡಿಯ ತುದಿಯಿಂದ ಸರಿಸುವಂಥ ಸಣ್ಣ ಸ್ವಿಚ್ಚುಗಳ ಸಾಲು ಇರುತ್ತದೆ. ಸೆನ್ಸರನ್ನು ಲೆಕ್ಕದಿಂದ ಬಿಡಿಸುವ ಸ್ವಿಚ್ಚು ಅದರಲ್ಲೇ ಇತ್ತು. ಸರಿಸಿದೆ. 25ಕ್ಕೆ ಇಟ್ಟೆ. ಅಷ್ಟೇ ಕೆಲಸ. ಇಂಥದ್ದೊಂದು ಸ್ವಿಚ್ಚು ಇದೆ ಎನ್ನುವುದು ಕೌಂಟರಿನ ಹುಡುಗನಿಗೂ ಗೊತ್ತಿರಲಿಲ್ಲ, ಅವನ ಮ್ಯಾನೇಜರಿಗೂ ಗೊತ್ತಿರಲಿಲ್ಲ. ಹಾಕಿದವರು ಹೇಳಿರಲಿಲ್ಲ. ಹುಡುಗನನ್ನು ಬೈದು ಏನು ಪ್ರಯೋಜನ, ಅವನು ಕಾಳಜಿಯಿಂದಲೇ ತಿಳಿದಷ್ಟು ಹೇಳಿದ್ದ. ಆದರೆ ಇದನ್ನು ಯೋಚಿಸಿ ನೋಡಿ. ಚಲನೆಯೇ ಇರವು ಎಂದು ಹಿಡಿದರೆ ಮೊದಲು ಬಿಟ್ಟುಹೋಗುವವರು ಯಾರು? ಲಕ್ವಾ ಹೊಡೆದವರು, ಆಪರೇಶನ್ ಆಗಿ ಮಲಗಿದವರು, ತೊಟ್ಟಿಲ ಕೂಸು, ಬಾಣಂತಿ, ಜ್ವರ ಬಂದವರು. ತಂಪು ನಿಜವಾಗಿ ಯಾರಿಗೆ ಬೇಕೋ ಅವರೇ. ಹವಾಮಾನ ಇಲಾಖೆ ಬಯಲುಸೀಮೆಯಲ್ಲಿ 40 ಡಿಗ್ರಿ ಮುಟ್ಟಿದರೆ ಬಿಸಿಗಾಳಿಯ ಲೆಕ್ಕ ಶುರುಮಾಡುತ್ತದೆ, ಕರಾವಳಿಗೆ ಆ ಗೆರೆಯನ್ನು 37ಕ್ಕೇ ಎಳೆದಿದೆ. ತೇವ ತುಂಬಿದ ಗಾಳಿಯಲ್ಲಿ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಹುಬ್ಬಳ್ಳಿಯ 36 ಡಿಗ್ರಿಯನ್ನು ತಡೆದುಕೊಂಡವರು ಕಾರವಾರದ 33ಕ್ಕೆ ಸೋತು ಕೂರುವುದನ್ನು ನಾವು ನೋಡುತ್ತಲೇ ಇರುತ್ತೇವೆ.

ಇನ್ನು ಯಜಮಾನರ ಮಾತು. ಅದನ್ನು ಕೇಳದೆ ಈ ವಿಷಯ ಬರೆಯುವುದು ನ್ಯಾಯವಲ್ಲ. ಅಂಕೋಲೆಯಲ್ಲಿ ಶಾಲೆಯಿಂದ ನಿವೃತ್ತರಾದ ಅಕ್ಕೋರೊಬ್ಬರು ಮನೆಯ ಹಿಂದೆ ನಾಲ್ಕು ಕೋಣೆ ಕಟ್ಟಿಸಿ ಹೋಂಸ್ಟೇ ನಡೆಸುತ್ತಾರೆ. ಅವರದ್ದು ಒಂದೇ ದೂರು. "ಹೋಗ್ವಾಗ ಎಸಿ ಬಂದ್ ಮಾಡ್ಕಂಡು ಹೋಗಿ ಅಂದ್ರೆ ಕೇಳೂದಿಲ್ಲ ತಮಾ. 16ಕ್ಕೆ ಇಟ್ಟು, ಬಾಲ್ಕನಿ ಬಾಗ್ಲ ತೆಗ್ದಿಟ್ಟು, ಯಾಣಕ್ಕೆ ಹೋಗ್ತ್ರು." ಇದು ಅಕ್ಷರಶಃ ನಿಜ. ಬಾಗಿಲ ಪಕ್ಕ ಚಾವಿ ಕಾರ್ಡು ಸಿಕ್ಕಿಸಿದರೆ ಮಾತ್ರ ಕರೆಂಟ್ ಬರುವ ಪೆಟ್ಟಿಗೆ ಹಾಕಿದರೆ, ಅದರಲ್ಲಿ ಹಳೆ ವಿಸಿಟಿಂಗ್ ಕಾರ್ಡು ತುರುಕಿ ಹೋಗುವವರನ್ನು ನಾನೇ ಕಂಡಿದ್ದೇನೆ. ಒಂದೂವರೆ ಟನ್ನಿನ ಎಸಿ ಪೂರ್ತಿ ಬಲದಲ್ಲಿ ಓಡಿದರೆ ಗಂಟೆಗೆ ಸುಮಾರು ಒಂದೂವರೆ ಯೂನಿಟ್ ಎಳೆಯುತ್ತದೆ. ಇನ್ವರ್ಟರ್ ಇದ್ದರೆ ಕೋಣೆ ತಂಪಾದ ಮೇಲೆ ತಗ್ಗುತ್ತದೆ ನಿಜ, ಆದರೆ ಬಾಗಿಲು ತೆರೆದಿಟ್ಟರೆ ತಂಪಾಗುವುದೇ ಇಲ್ಲ, ತಗ್ಗುವುದೂ ಇಲ್ಲ. ಹಗಲಿಡೀ ಖಾಲಿ ಕೋಣೆಯಲ್ಲಿ ಹತ್ತು ಯೂನಿಟ್ ಹೋಯಿತೆಂದು ಹಿಡಿಯೋಣ. ನಾಲ್ಕು ಕೋಣೆ ಐದು ದಿನ ಹೀಗೆ ನಡೆದರೆ 200 ಯೂನಿಟ್. ಗೃಹಜ್ಯೋತಿಯಲ್ಲಿ ಒಂದು ಮನೆಗೆ ತಿಂಗಳಿಗೆ ಇಟ್ಟಿರುವ ಮಿತಿಯೇ ಅಷ್ಟು. ಅಕ್ಕೋರು ಸೆನ್ಸರ್ ಹಾಕಿಸಿದ್ದು ಅತಿಥಿಗಳನ್ನು ಗೋಳಾಡಿಸಲು ಖಂಡಿತ ಅಲ್ಲ.

ಕರೆಂಟಿನ ಬೆಲೆ ನಮ್ಮ ಜಿಲ್ಲೆಯವರಿಗೆ ಬಿಲ್ಲಿನಿಂದ ಮಾತ್ರ ಗೊತ್ತಾದದ್ದಲ್ಲ. ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟಿ ಕೋಡಿಬಾಗದ ಹತ್ತಿರ ಸಮುದ್ರ ಸೇರುವ ಕಾಳಿಯೊಂದಕ್ಕೇ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು. ಹಳೆಯ ಸೂಪಾ ಊರು ನೀರಿನಡಿಗೆ ಹೋಯಿತು. ಅದೇ ನದಿಯ ದಂಡೆಯ ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಅಣು ಘಟಕಗಳಿವೆ. ಅದರ ಒಂದನೇ ಘಟಕ 962 ದಿನ ಎಡೆಬಿಡದೆ ಓಡಿ 2018ರ ಡಿಸೆಂಬರ್ 31ರಂದು ನಿಂತಾಗ ಅದು ಆಗಿನ ವಿಶ್ವದಾಖಲೆ. ಇಷ್ಟು ಕೊಟ್ಟ ಜಿಲ್ಲೆಯಲ್ಲಿ ನಿಂತು ಕರೆಂಟ್ ಪೋಲು ಮಾಡಿ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಬೀಚಿಗೆ ಹೋದವರ ಕೋಣೆಯಲ್ಲಿ ಓಡುವ ಎಸಿಯನ್ನು ಕಂಡರೆ ನನಗೂ ಹೊಟ್ಟೆ ಉರಿಯುತ್ತದೆ. ಖಾಲಿ ಕೋಣೆಯಲ್ಲಿ ಉಳಿಸಿ. ತುಂಬಿದ ಕೋಣೆಯಲ್ಲಿ ಉಳಿಸಬೇಡಿ. ಇವೆರಡನ್ನು ಬೇರ್ಪಡಿಸಲು ಬರದ ಯಂತ್ರವನ್ನು ಉಳಿತಾಯದ ಯಂತ್ರ ಎಂದು ಮಾರಬೇಡಿ.

ಬೇರ್ಪಡಿಸುವ ದಾರಿ ಇದೆ, ಅದೂ ದುಬಾರಿಯದ್ದಲ್ಲ. ಬಾಗಿಲಿನ ಚೌಕಟ್ಟಿಗೆ ಒಂದು ತುಂಡು, ಬಾಗಿಲಿಗೆ ಅಯಸ್ಕಾಂತದ ಒಂದು ತುಂಡು ಕೂರಿಸುವ ಸ್ವಿಚ್ಚು ಸಿಗುತ್ತದೆ, ಕೆಲವೇ ನೂರು ರೂಪಾಯಿ. ಬಾಗಿಲು ತೆರೆಯಿತೇ ಮುಚ್ಚಿತೇ ಎಂದು ಅದು ಹೇಳುತ್ತದೆ. ಇದನ್ನು ಸೆನ್ಸರಿಗೆ ಜೋಡಿಸಿದರೆ ಲೆಕ್ಕವೇ ಬದಲಾಗುತ್ತದೆ. ಬಾಗಿಲು ಮುಚ್ಚಿದ ಮೇಲೆ ಒಳಗೆ ಒಂದೇ ಒಂದು ಸಲ ಅಲುಗಾಟ ಕಂಡಿತು ಅನ್ನಿ, ಆ ಬಾಗಿಲು ಮತ್ತೆ ತೆರೆಯುವ ತನಕ ಒಳಗೆ ಮನುಷ್ಯರಿದ್ದಾರೆ ಎಂದೇ ಅರ್ಥ. ಗೋಡೆ ತೂರಿ ಯಾರೂ ಹೊರಗೆ ಹೋಗುವುದಿಲ್ಲವಲ್ಲ. ಅವರು ಏಳು ಗಂಟೆ ಕದಲದೆ ಮಲಗಿದರೂ ಎಸಿ ನಿಲ್ಲುವುದಿಲ್ಲ. ಬಾಗಿಲು ತೆರೆದು ಮುಚ್ಚಿ, ಆಮೇಲೆ ಅರ್ಧ ಗಂಟೆ ಏನೂ ಕಾಣದಿದ್ದರೆ ಮಾತ್ರ ಖಾಲಿ ಎಂದು ಎಣಿಸಬಹುದು. ಬಾಲ್ಕನಿಯ ಬಾಗಿಲಿಗೂ ಒಂದು ಹಾಕಿದರೆ, ಅದು ತೆರೆದಿರುವಷ್ಟು ಹೊತ್ತು ಕಂಪ್ರೆಸರ್ ಓಡದಂತೆ ಮಾಡಬಹುದು. ನನ್ನ ಅನುಭವದಲ್ಲಿ ನಮ್ಮ ಬೀಚಿನ ವಸತಿಗಳಲ್ಲಿ ನಿಜವಾದ ಸೋರಿಕೆ ಇರುವುದು ಆ ಬಾಲ್ಕನಿ ಬಾಗಿಲಿನಲ್ಲಿ.

ಈ ಲೆಕ್ಕಕ್ಕೂ ಒಂದು ತೂತಿದೆ. ಇಬ್ಬರಲ್ಲಿ ಒಬ್ಬರು ನಸುಕಿನಲ್ಲಿ ಎದ್ದು ಬೀಚಿಗೆ ವಾಕಿಂಗ್ ಹೋದರು, ಇನ್ನೊಬ್ಬರು ಮಲಗಿಯೇ ಇದ್ದರು ಅನ್ನಿ. ಬಾಗಿಲು ತೆರೆಯಿತು, ಮುಚ್ಚಿತು, ಆಮೇಲೆ ಅಲುಗಾಟವಿಲ್ಲ. ಯಂತ್ರ ಮತ್ತೆ ತಪ್ಪುತ್ತದೆ. ಹಾಗಾಗಿಯೇ ಖಾಲಿ ಎಂದು ಅನ್ನಿಸಿದರೂ ಎಸಿಯನ್ನು ಪೂರ್ತಿ ಬಂದ್ ಮಾಡಬಾರದು, 27ಕ್ಕೋ 28ಕ್ಕೋ ಏರಿಸಿ ಬಿಡಬೇಕು. ಒಳಗೆ ಯಾರಾದರೂ ಇದ್ದರೆ ಸ್ವಲ್ಪ ಸೆಕೆಯಾದೀತು, ಉಸಿರು ಕಟ್ಟುವುದಿಲ್ಲ. ಖಾಲಿ ಇದ್ದರೆ ಉಳಿತಾಯದ ಹೆಚ್ಚಿನ ಪಾಲು ಹೇಗೂ ಸಿಗುತ್ತದೆ. ಇದು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹೋಟೆಲ್ ಕೋಣೆಗಳಿಗೆ ಇಂಥ ನಿಯಂತ್ರಣ ಕಟ್ಟಡ ನಿಯಮದಲ್ಲೇ ಇದೆ. ಅತಿಥಿ ಕೋಣೆ ಬಿಟ್ಟು 30 ನಿಮಿಷದೊಳಗೆ ತಂಪಿನ ಮಟ್ಟವನ್ನು ಫ್ಯಾರನ್‌ಹೀಟ್ ಲೆಕ್ಕದಲ್ಲಿ ಕನಿಷ್ಠ 5 ಡಿಗ್ರಿ, ಅಂದರೆ ನಮ್ಮ ಲೆಕ್ಕದಲ್ಲಿ ಮೂರಕ್ಕೂ ತುಸು ಕಡಿಮೆ, ಏರಿಸಬೇಕು ಎನ್ನುತ್ತದೆ. ಮಟ್ಟ ಏರಿಸಿದರೆ ಸಾಕು, ಪೂರ್ತಿ ಆರಿಸಲೇಬೇಕು ಎಂದು ಅದು ಕೇಳುವುದಿಲ್ಲ. ಕೋಣೆ ಬಿಟ್ಟಮೇಲೆ ಎನ್ನುತ್ತದೆಯೇ ಹೊರತು ಅಲುಗಾಟ ನಿಂತಮೇಲೆ ಎಂದಲ್ಲ.

ನಮ್ಮ ದೇಶದ ನಿಯಮವೂ ಇದೇ ದಾರಿಯಲ್ಲಿ ನಡೆದಿದೆ. 2020ರ ಜನವರಿ 1ರಿಂದ ಸ್ಟಾರ್ ಗುರುತಿನ ಎಸಿಗಳೆಲ್ಲ ಹೊತ್ತಿಸಿದ ಕೂಡಲೇ 24 ಡಿಗ್ರಿಗೆ ನಿಲ್ಲಬೇಕು ಎಂದಾಯಿತು. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆ ಎನ್ನುವುದು ಇಂಧನ ದಕ್ಷತಾ ಬ್ಯೂರೋದ ಲೆಕ್ಕ. ಆದರೆ ರಿಮೋಟ್ ಮನುಷ್ಯರ ಕೈಯಲ್ಲೇ ಉಳಿಯಿತು. ಬೇಕೆಂದವರು ಬದಲಿಸಿಕೊಳ್ಳಬಹುದು. ಸೆನ್ಸರಿನವರು ಮಾತ್ರ ಆ ಹಕ್ಕನ್ನೂ ಕಿತ್ತುಕೊಂಡು, ಕಿತ್ತುಕೊಂಡದ್ದನ್ನು ಹೇಳುವುದೂ ಇಲ್ಲ.

ಎಸಿಯನ್ನು ಪೂರ್ತಿ ಬಂದ್ ಮಾಡಬಾರದು ಎನ್ನಲು ಕರಾವಳಿಯ ಮಟ್ಟಿಗೆ ಇನ್ನೊಂದು ಕಾರಣವಿದೆ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಛಾಪಖಾನೆಯೊಂದಕ್ಕೆ ಎಸಿಯನ್ನು ರೂಪಿಸಿದ್ದೇ ಗಾಳಿಯ ತೇವ ಹತೋಟಿಗೆ ತರಲು. ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣದ ಅಚ್ಚು ತಪ್ಪುತ್ತಿತ್ತು. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ ಕಾರವಾರದಲ್ಲಿ ಎಸಿಗೆ ತಂಪು ಮಾಡುವುದರ ಜೊತೆಗೆ ನೀರು ಹಿಂಡುವುದೂ ದೊಡ್ಡ ಕೆಲಸ. ಸೆನ್ಸರ್ ಕಂಪ್ರೆಸರನ್ನು ನಿಲ್ಲಿಸಿ ಫ್ಯಾನನ್ನು ಹಾಗೇ ಬಿಟ್ಟರೆ, ಕಾಯಿಲಿನ ಮೇಲೆ ಹಿಂಡಿಕೊಂಡಿದ್ದ ನೀರು ಮತ್ತೆ ಗಾಳಿಗೆ ಸೇರಿ ಕೋಣೆಗೇ ಬರುತ್ತದೆ. ಜಿಗುಟು ಜಿಗುಟು ಅನ್ನಿಸುವುದು ಅದಕ್ಕೇ. ಜುಲೈಯಲ್ಲಿ ಬಿಗಿದ ಕೋಣೆಯನ್ನು ಎರಡು ದಿನ ಹಾಗೇ ಬಿಟ್ಟರೆ ದಿಂಬಿಗೆ ಮುಗ್ಗಲು ವಾಸನೆ, ಕಪಾಟಿನ ಹಿಂದೆ ಬೂಷ್ಟು. ಬಿಲ್ಲಿನಲ್ಲಿ ಉಳಿದದ್ದು ಹಾಸಿಗೆ, ಬಣ್ಣದಲ್ಲಿ ಹೋಗುತ್ತದೆ. ಯಂತ್ರಕ್ಕೂ ಇದು ಒಳ್ಳೆಯದಲ್ಲ. ಅಗ್ಗದ ಕೆಲವು ಸೆನ್ಸರುಗಳು ಎಸಿಗೆ ಸೂಚನೆ ಕೊಡುವುದಿಲ್ಲ, ನೇರವಾಗಿ ಕರೆಂಟನ್ನೇ ಕಡಿಯುತ್ತವೆ. ಇನ್ವರ್ಟರ್ ಎಸಿಯ ಬೋರ್ಡಿಗೆ ರಾತ್ರಿಯೊಂದರಲ್ಲಿ ಹತ್ತು ಸಲ ಹಾಗೆ ಕಡಿದು ಕೊಟ್ಟರೆ ಅದು ಎಷ್ಟು ಕಾಲ ಬಾಳೀತು? ಉಪ್ಪುಗಾಳಿ ಹೊರಗಿನ ಕಾಯಿಲನ್ನು ಹೇಗೂ ತಿನ್ನುತ್ತಿರುತ್ತದೆ, ಅದರ ಮೇಲೆ ಇದು ಬೇರೆ.

ಮನುಷ್ಯರ ಉಸಿರಾಟವನ್ನೇ ಗುರುತಿಸುವ ರೇಡಾರ್ ಸೆನ್ಸರುಗಳು ಈಗ ಬಂದಿವೆ. 24 ಅಥವಾ 60 ಗಿಗಾಹರ್ಟ್ಸ್ ಅಲೆ ಬಿಟ್ಟು, ಎದೆ ಕೆಲವು ಮಿಲಿಮೀಟರ್ ಏರಿಳಿಯುವುದನ್ನೂ ಹಿಡಿಯುತ್ತವೆ. ಮಲಗಿದವರು ಇದಕ್ಕೆ ಕಾಣುತ್ತಾರೆ. ಫ್ಯಾನ್ ತಿರುಗುವ ಕೋಣೆಯಲ್ಲಿ ಕೂರಿಸುವಾಗ ಮಾತ್ರ ಜಾಗ ನೋಡಿ ಕೂರಿಸಬೇಕು, ಇಲ್ಲದಿದ್ದರೆ ರೆಕ್ಕೆಯನ್ನೇ ಮನುಷ್ಯ ಅಂದುಕೊಳ್ಳುತ್ತದೆ. ಹೊಸದಾಗಿ ಹಾಕಿಸುವವರು ಹಳೆಯ ಜಾತಿಯದ್ದನ್ನು ಬಿಟ್ಟು ಇದನ್ನು ಹಾಕಿಸಲಿ. ಆಗಲೇ ಹಾಕಿಸಿದವರು ಬಾಗಿಲಿನ ಸ್ವಿಚ್ಚು ಸೇರಿಸಲಿ.

ಹೆಂಗಸರು ನನ್ನನ್ನು ಪಕ್ಕಕ್ಕೆ ಕರೆದು ಕೇಳುವ ಪ್ರಶ್ನೆಯೊಂದಿದೆ. "ಅಣ್ಣಾ, ಇದು ಕ್ಯಾಮೆರಾ ಅಲ್ಲವಲ್ಲ?" ಮಂಚದ ಎದುರಿಗೇ ಗೋಡೆಯಲ್ಲಿ ಗುಬುಟು, ಅಲುಗಾಡಿದಾಗೆಲ್ಲ ಮಿಣುಕುವ ಕೆಂಪು ದೀಪ. ಅನುಮಾನ ಬರುವುದು ಸಹಜ. ಈ ಸೆನ್ಸರಿಗೆ ಚಿತ್ರ ತೆಗೆಯಲು ಬರುವುದಿಲ್ಲ, ಶಾಖ ದಾಟಿತೋ ಇಲ್ಲವೋ ಎನ್ನುವುದಕ್ಕಿಂತ ಹೆಚ್ಚು ಅದಕ್ಕೆ ತಿಳಿಯುವುದಿಲ್ಲ ಎಂದು ನಾನು ಬಿಚ್ಚಿ ತೋರಿಸುತ್ತೇನೆ. ಬಿಚ್ಚಿ ತೋರಿಸಲು ಎಲ್ಲ ಕೋಣೆಯಲ್ಲೂ ಮೆಕ್ಯಾನಿಕ್ ಇರುವುದಿಲ್ಲ. ಹೆದರಿದವರು ಅದರ ಮೇಲೆ ಟವೆಲ್ ಹಾಕುತ್ತಾರೆ, ಕೂದಲಿನ ಕ್ಲಿಪ್ಪಿನಿಂದ ಪ್ಲಾಸ್ಟಿಕ್ ಚೀಲ ಸಿಕ್ಕಿಸುತ್ತಾರೆ. ಮುಚ್ಚಿದ ಕಣ್ಣಿಗೆ ಕೋಣೆ ಖಾಲಿ, ಎಸಿ ಬಂದ್, ಮತ್ತೆ ನನಗೆ ಫೋನು. ಒಂದು ಹಾಳೆಯಲ್ಲಿ ನಾಲ್ಕು ಸಾಲು ಕನ್ನಡದಲ್ಲಿ ಬರೆದು ಅಂಟಿಸಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

ವಸತಿಗೃಹ ನಡೆಸುವವರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಕೋಣೆಯಲ್ಲಿ ಇಂಥ ಯಂತ್ರ ಇದ್ದರೆ ಬುಕ್ ಮಾಡುವಾಗಲೇ ಹೇಳಿ. ಮಂಚದ ಪಕ್ಕ, ಮಲಗಿದಲ್ಲಿಂದ ಕೈ ಎಟಕುವಲ್ಲಿ, ಸೆನ್ಸರನ್ನು ಬೆಳಗಿನವರೆಗೆ ಸುಮ್ಮನಿರಿಸುವ ಒಂದು ಗುಂಡಿ ಕೊಡಿ. ರಾತ್ರಿ ಪಾಳಿಯ ಹುಡುಗನಿಗೆ ಅದನ್ನು ಆರಿಸುವುದು ಹೇಗೆಂದು ಹೇಳಿಕೊಡಿ. ವಯಸ್ಸಾದವರು, ಕೂಸು, ಕಾಯಿಲೆಯವರು ಇದ್ದಾರೆಯೇ ಎಂದು ಚಾವಿ ಕೊಡುವಾಗ ಕೇಳಿ, ಇದ್ದರೆ ಆ ಕೋಣೆಯ ಸೆನ್ಸರನ್ನು ಮೊದಲೇ ಬಿಡಿಸಿಡಿ. ಹೋಂಸ್ಟೇ, ಲಾಡ್ಜುಗಳಿಗೆ ಪರವಾನಗಿ ಕೊಡುವವರು ಬೆಂಕಿ ಆರಿಸುವ ಸಿಲಿಂಡರ್ ಇದೆಯೇ ಎಂದು ನೋಡುವ ಹಾಗೆ ಇದನ್ನೂ ನೋಡಲಿ. ಉಳಿದುಕೊಳ್ಳಲು ಬರುವವರಿಗೂ ಒಂದು ಮಾತು: ಎಸಿ ತಾನಾಗಿ ನಿಂತರೆ ಗುಬುಟನ್ನು ಒಡೆಯಬೇಡಿ, ಕೌಂಟರಿನಲ್ಲಿ ಸೆನ್ಸರ್ ಆರಿಸಿಕೊಡಿ ಎಂದು ನೇರ ಕೇಳಿ, ಸಾಮಾನ್ಯವಾಗಿ ಆ ವ್ಯವಸ್ಥೆ ಅದರೊಳಗೇ ಇರುತ್ತದೆ. ಬಾಲ್ಕನಿ ಬಾಗಿಲು ಹಾಕಿಕೊಳ್ಳಿ. 25ಕ್ಕೆ ಇಟ್ಟು ಫ್ಯಾನ್ ಹಾಕಿಕೊಂಡರೆ 18ರ ಆಸೆ ತಾನಾಗಿ ಹೋಗುತ್ತದೆ. ಹೊರಗೆ ಹೋಗುವಾಗ ಬಂದ್ ಮಾಡಿ ಹೋಗಿ. ನೀವು ಆರಿಸಿ ಹೋಗುವವರಾಗಿದ್ದರೆ ಅಕ್ಕೋರಂಥವರು ಸೆನ್ಸರ್ ಹಾಕಿಸುವ ಯೋಚನೆಯನ್ನೇ ಮಾಡುತ್ತಿರಲಿಲ್ಲ.

ಸೆನ್ಸರಿಗೆ ಸುರಿಯುವ ದುಡ್ಡನ್ನು ಮೊದಲು ಮಾಡಿಗೆ ಹಾಕಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಸಮುದ್ರ ಕಾಣಲಿ ಎಂದು ಪಡುವಣಕ್ಕೆ ಗೋಡೆಯಗಲದ ಗಾಜು ಇಡುತ್ತಾರೆ. ಮಧ್ಯಾಹ್ನ ಎರಡರಿಂದ ಸೂರ್ಯ ಮುಳುಗುವ ತನಕ ಬಿಸಿಲು ನೇರ ಮಂಚದ ಮೇಲೆ. ಮೇಲೆ ಬೋಳು ಸ್ಲ್ಯಾಬು. ಈ ಕೋಣೆಗೆ ಎಷ್ಟು ಟನ್ ಹಾಕಿದರೂ ಸಾಲದು. ಹಳೆಯ ಕಾರವಾರದಲ್ಲಿ ಕೆಂಪುಕಲ್ಲಿನ ದಪ್ಪ ಗೋಡೆ, ಮಂಗಳೂರು ಹಂಚಿನ ಮಾಡು, ಪಡುವಣಕ್ಕೆ ಆಳವಾದ ಜಗಲಿ ಇದ್ದವು. ಬಿಸಿಲು ಜಗಲಿಯಲ್ಲೇ ಮುಗಿಯುತ್ತಿತ್ತು. ಗಾಜಿನ ಹೊರಗೆ ನಾಲ್ಕಡಿ ಚಾವಣಿ ಇಳಿಸಿ, ಸ್ಲ್ಯಾಬಿನ ಮೇಲೆ ಗಾಳಿಯಾಡುವಷ್ಟು ಜಾಗ ಬಿಟ್ಟು ಹಂಚು ಹೊದಿಸಿದರೆ ಎಸಿಯ ಅರ್ಧ ಹೊರೆ ಇಳಿಯುತ್ತದೆ ಎನ್ನುವುದು ಈ ಕಸುಬಿನಲ್ಲಿ ನಾನು ಕಂಡುಕೊಂಡ ಅಂದಾಜು. ಆ ಉಳಿತಾಯ ಅತಿಥಿ ಮಲಗಿದ್ದಾಗಲೂ ನಡೆಯುತ್ತದೆ, ಎದ್ದಿದ್ದಾಗಲೂ ನಡೆಯುತ್ತದೆ, ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ.

ಅಕ್ಕೋರ ನಾಲ್ಕು ಕೋಣೆಗೂ ಈಗ ಎರಡೂ ಬಾಗಿಲಿಗೆ ಸ್ವಿಚ್ಚು ಹಾಕಿದ್ದೇವೆ. ಖಾಲಿಯಾದರೆ 28ಕ್ಕೆ ಏರುತ್ತದೆ, ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ ಸೆನ್ಸರಿಗೆ ಕೆಲಸವಿಲ್ಲ. ಮಂಚದ ಪಕ್ಕ ಗುಂಡಿ ಇದೆ. ಬಾಗಿಲ ಹಿಂದೆ ಅಂಟಿಸಿದ ಹಾಳೆಯನ್ನು ಅಕ್ಕೋರು ತಮ್ಮ ದುಂಡಕ್ಷರದಲ್ಲೇ ಬರೆದಿದ್ದಾರೆ: ಇದು ಕ್ಯಾಮೆರಾ ಅಲ್ಲ, ನೀವು ಹೊರಗೆ ಹೋದಾಗ ಎಸಿ ತಗ್ಗಿಸುವ ಯಂತ್ರ, ತೊಂದರೆಯಾದರೆ ಎಷ್ಟು ಹೊತ್ತಿಗಾದರೂ ಎಬ್ಬಿಸಿ. ಮಳೆಗಾಲ ಕಳೆದ ಮೇಲೆ ಸ್ಲ್ಯಾಬಿನ ಮೇಲೆ ಹಂಚು ಹೊದಿಸುವುದೆಂದು ಮಾತಾಗಿದೆ. ಹಾಗಾದರೆ ಆ ಕೋಣೆಗಳಿಗೆ ಮುಂದೆ ಒಂದೂವರೆ ಟನ್ ಬೇಡ, ಒಂದು ಟನ್ ಸಾಕು ಎಂದು ಲೆಕ್ಕ ಹಾಕಿ ಕೊಟ್ಟಿದ್ದೇನೆ.